ದಿನಕ್ಕೊಂದು ಕಟ್ಟಿಗೆ ಹೊರೆ

ಕಳೆದ ವರ್ಷ ನನ್ನ ಪ್ರಾಜೆಕ್ಟಿನ ಸಪೋರ್ಟ್ ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುವಾಗ ಒಬ್ಬನನ್ನು ಆರಿಸಿದ್ದೆ. ಪುಣೆಯಲ್ಲೇ ಹುಟ್ಟಿ ಬೆಳೆದವನು. ತಂದೆತಾಯಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನನ್ನ ಅಡ್ಡಹೆಸರು ನೋಡಿ ಸಂದರ್ಶನದ ಕೊನೆಗೆ, "ಸರ್, ನೀವೂ ನಮ್ಮ ಕಡೆಯವ್ರೇನ್ರಿ?" ಎಂದು ಕೇಳಿದ್ದ. ಲಾಗ್ ಓದಿ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ ಅವನಿಗಿಂತ ಚುರುಕಾದವರು ಆ ದಿನ ಬಂದಿರಲಿಲ್ಲ. ಮೂರು ವಾರದ ನಂತರ ಹಿನ್ನೆಲೆ ಪರಿಶೀಲನೆಯ ವರದಿ ಬಂತು. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಇವನದು ಕೆಂಪು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಣಪತಿ ಮೆರವಣಿಗೆಯ ಜಗಳದಲ್ಲಿ ಒಬ್ಬನಿಗೆ ಹೊಡೆದಿದ್ದ. ಅಪರಾಧ ಸಾಬೀತಾಗಿತ್ತು. ವಯಸ್ಸು ನೋಡಿದ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಬಿಟ್ಟಿತ್ತು. ಆಫರ್ ಹಿಂದಕ್ಕೆ ಪಡೆಯುವ ಫಾರ್ಮಿಗೆ ನಾನು ಒಪ್ಪಿಗೆ ಕೊಟ್ಟೆ. ಒಂದು ಕ್ಲಿಕ್ಕಿನ ಕೆಲಸ.

ಸಂಜೆ ಫೋನ್ ಮಾಡಿದ. ಬೇಡಿಕೊಳ್ಳಲಿಲ್ಲ. "ಹೊಡದದ್ದು ಖರೇ ಐತ್ರಿ ಸರ್. ಆದ್ರ ಆವಾಗ ಹತ್ತೊಂಬತ್ತು, ಈಗ ಇಪ್ಪತ್ತೈದು. ಇನ್ನ ಎಷ್ಟ ವರ್ಷ ಆಗಬೇಕ್ರಿ?" ಎಂದ.

"ಕಂಪನಿ ಪ್ರೋಸೆಸ್ ಐತಪ್ಪ, ನನ್ನ ಕೈಯಾಗ ಇಲ್ಲ" ಎಂದೆ. ಅದು ಅವನ ಪ್ರಶ್ನೆಗೆ ಉತ್ತರವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದ ತಿಂಗಳುಗಳಲ್ಲಿ ಓದಿದ ಎರಡು ಬರಹಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದು, ಲಾಸ್ ಏಂಜಲೀಸಿನ ಪಾದ್ರಿಯೊಬ್ಬರ ಅನುಭವ ಕಥನ. ಇನ್ನೊಂದು, ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ನಡೆದ ಪ್ರಯೋಗದ ಮೇಲಿನ ಅರ್ಥಶಾಸ್ತ್ರದ ಪ್ರಬಂಧ. ಎರಡರ ವಿಷಯವೂ ಒಂದೇ. ಅಪರಾಧದ ದಾರಿ ಹಿಡಿದ ಹರೆಯದವರನ್ನು ಅವರ ಊರುಕೇರಿಯಲ್ಲೇ ಇಟ್ಟುಕೊಂಡು, ಕೆಲಸ, ಮಾತು, ಗುಂಪು, ಚಿಕಿತ್ಸೆಗಳ ಮೂಲಕ ಅವರು ಮತ್ತೆ ಅದೇ ದಾರಿಗೆ ಹೋಗದಂತೆ ಮಾಡಬಹುದೇ ಎನ್ನುವುದು. ಮೊದಲನೆಯದನ್ನು ನಾವು ಸಾಹಿತ್ಯವೆಂದು ಓದುತ್ತೇವೆ. ಎರಡನೆಯದನ್ನು ಓದುವುದೇ ಇಲ್ಲ. ಮೊದಲನೆಯದೇ ಹೆಚ್ಚು ಚೆನ್ನಾಗಿ ಬರೆದದ್ದು. ಆದರೂ ಆ ಹುಡುಗನ ಪ್ರಶ್ನೆಗೆ ಹತ್ತಿರ ಬಂದದ್ದು ಎರಡನೆಯದು. ಹೀಗೇಕಾಯಿತು ಎಂದು ಯೋಚಿಸುತ್ತ ಹೋದಾಗ ನಮ್ಮ ಕಥೆಗಳ ಒಂದು ಹಳೆಯ ಅಭ್ಯಾಸವೂ ಕಣ್ಣಿಗೆ ಬಿತ್ತು.

ಗ್ರೆಗರಿ ಬಾಯ್ಲ್ ಜೆಸ್ಯೂಟ್ ಪಾದ್ರಿ. 1986ರಲ್ಲಿ ಅವರು ಪೂರ್ವ ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಬಡಾವಣೆಯ ಡೊಲೊರೆಸ್ ಮಿಷನ್ ಎಂಬ ಬಡ ಚರ್ಚಿಗೆ ಬಂದರು. ಬಡಾವಣೆಗೂ ಅವರಿಗೂ ಒಂದೇ ಹೆಸರಿರುವುದು ಕಾಕತಾಳೀಯ. ಸುತ್ತಲಿನ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಹಲವು ಗ್ಯಾಂಗುಗಳು ಒಂದನ್ನೊಂದು ಕೊಲ್ಲುತ್ತಿದ್ದ ಕಾಲ. 1988ರಲ್ಲಿ ಈ ಹುಡುಗರಿಗೆ ಕೆಲಸ ಹುಡುಕಿಕೊಡುವುದರೊಂದಿಗೆ ಅವರ ಯತ್ನ ಶುರುವಾಯಿತು. 1992ರಲ್ಲಿ ಬೇಕರಿ ಬಂತು. ಮುಂದೆ ಅದೇ ಹೋಮ್‌ಬಾಯ್ ಇಂಡಸ್ಟ್ರೀಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಜೈಲಿನಿಂದ ಬಂದವರು ಅಲ್ಲಿ ಹದಿನೆಂಟು ತಿಂಗಳು ಸಂಬಳ ಪಡೆದು ದುಡಿಯುತ್ತಾರೆ. ಆ ಅವಧಿಯಲ್ಲೇ ಆಪ್ತಸಮಾಲೋಚನೆ, ನಶೆ ಬಿಡಿಸುವ ಗುಂಪುಗಳು, ಓದು, ಕಾನೂನಿನ ನೆರವು ಎಲ್ಲವೂ ಸಿಗುತ್ತವೆ. ಮುಖದ ಮೇಲೆ, ಕತ್ತಿನ ಮೇಲೆ ಹಾಕಿಸಿಕೊಂಡ ಗ್ಯಾಂಗಿನ ಹಚ್ಚೆಗಳನ್ನು ಲೇಸರಿನಿಂದ ತೆಗೆಸಿಕೊಳ್ಳಬಹುದು. ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಬೇಕರಿಯಲ್ಲಿ ಒಂದೇ ಮೇಜಿನ ಮೇಲೆ ಹಿಟ್ಟು ನಾದುತ್ತಾರೆ.

2010ರಲ್ಲಿ ಬಂದ ಬಾಯ್ಲ್ ಅವರ ಪುಸ್ತಕ 'ಟ್ಯಾಟೂಸ್ ಆನ್ ದ ಹಾರ್ಟ್'. ಅದರಲ್ಲಿ ಕಾಲಾನುಕ್ರಮವಿಲ್ಲ. ಕರುಣೆ, ಅವಮಾನ, ನಿಧಾನದ ಕೆಲಸ, ಯಶಸ್ಸು, ಬಂಧುತ್ವ ಎಂದು ಒಂದೊಂದು ಅಧ್ಯಾಯಕ್ಕೆ ಒಂದೊಂದು ಭಾವ. ಒಳಗೆಲ್ಲ ಒಂದೆರಡು ಪುಟದ ಪ್ರಸಂಗಗಳು. ಜೈಲುಗಳಲ್ಲಿ, ಬಾಲಬಂದೀಖಾನೆಗಳಲ್ಲಿ ಪ್ರವಚನದ ನಡುವೆ ಹೇಳುತ್ತ ಬಂದ ಕಥೆಗಳಿವು ಎನ್ನುವುದು ಅವುಗಳ ಓಟದಲ್ಲೇ ಗೊತ್ತಾಗುತ್ತದೆ. ನಗಿಸುವುದರಲ್ಲಿ ಬಾಯ್ಲ್ ಎತ್ತಿದ ಕೈ. ಹೋಮ್‌ಬಾಯ್ ಹೆಸರಲ್ಲಿ ನಲ್ಲಿ ರಿಪೇರಿಯ ವ್ಯವಹಾರವೊಂದನ್ನು ಶುರುಮಾಡಿ ಅದು ನೆಲಕಚ್ಚಿದ್ದನ್ನು ಅವರು ತಮ್ಮನ್ನೇ ಗೇಲಿ ಮಾಡಿಕೊಂಡು ಹೇಳುತ್ತಾರೆ. ಗ್ಯಾಂಗಿನ ಹುಡುಗರನ್ನು ಜನ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎನ್ನುವುದು ಪಾಪ, ಪಾದ್ರಿಗೆ ಹೊಳೆದಿರಲಿಲ್ಲವಂತೆ. ಓದಿ ನಕ್ಕೆ. ಮರುಕ್ಷಣ ನನ್ನ ಕ್ಲಿಕ್ಕು ನೆನಪಾಯಿತು.

ಈ ಪುಸ್ತಕದ ದೊಡ್ಡ ಗುಣವೆಂದರೆ, ಇಲ್ಲಿ ಯಾರೂ ಅಂಕಿಸಂಖ್ಯೆಯಲ್ಲ. ಸತ್ತವರಿಗೂ ಹೆಸರಿದೆ, ತಮಾಷೆಯಿದೆ, ಇಷ್ಟದ ತಿಂಡಿಯಿದೆ. ತಾವು ಪ್ರೀತಿಸಿದ ನೂರಕ್ಕೂ ಹೆಚ್ಚು ಎಳೆಯರ ಅಂತ್ಯಸಂಸ್ಕಾರ ಮಾಡಿದ ಮನುಷ್ಯ ಹೀಗೆ ಬರೆಯಬಲ್ಲ ಎನ್ನುವುದೇ ಒಂದು ಸೋಜಿಗ. ಯಶಸ್ಸಿನ ಬಗೆಗಿನ ಅಧ್ಯಾಯದಲ್ಲಿ ಅವರು ನನ್ನಂಥವರಿಗೆ ನೇರವಾಗಿ ಎದುರಾಗುತ್ತಾರೆ. ಹಣ ಕೊಡುವವರು ಫಲಿತಾಂಶ ಕೇಳುತ್ತಾರೆ. ಬಾಯ್ಲ್ ಅವರ ಉತ್ತರದ ತಾತ್ಪರ್ಯ, ಹಿಡಿದ ಕೆಲಸಕ್ಕೆ ನಿಷ್ಠರಾಗಿರುವುದಷ್ಟೇ ನಮ್ಮ ಪಾಲಿನದು, ಫಲ ತಾನಾಗಿ ಬಂದರೆ ಬರಲಿ ಎಂಬುದು. ಹದಿನೈದು ವರ್ಷ ಮೈಲುಗಲ್ಲು, ಗಡುವು, ಡ್ಯಾಶ್‌ಬೋರ್ಡುಗಳ ನಡುವೆ ಬದುಕಿದ ನನಗೆ ಇದು ಮೊದಲು ಜಾರಿಕೊಳ್ಳುವ ಮಾತೆನಿಸಿತು. ಎರಡನೆಯ ಓದಿನಲ್ಲಿ ಅರ್ಥವಾದದ್ದು ಬೇರೆ. ಫಲಿತಾಂಶವನ್ನೇ ನೋಡುವ ಸಂಸ್ಥೆ ಗೆಲ್ಲುವ ಕುದುರೆಗಳನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಕೆಂಪು ಬಣ್ಣದ ವರದಿ ಮಾಡುವುದು ಅದನ್ನೇ ಅಲ್ಲವೇ?

ಇಷ್ಟು ಮೆಚ್ಚಿದ ಮೇಲೂ ತಕರಾರು ಉಳಿಯುತ್ತದೆ. ಬಾಯ್ಲ್ ಹೇಳುವ ಬಹುತೇಕ ಪ್ರಸಂಗಗಳ ನಡೆ ಒಂದೇ. ಒರಟು ಹುಡುಗ ಬರುತ್ತಾನೆ, ಬಾಯಿಗೆ ಬಂದಂತೆ ಮಾತಾಡುತ್ತಾನೆ, ನಗು ಹುಟ್ಟುತ್ತದೆ, ಕೊನೆಗೆ ಒಂದು ಮಾತು ಅಥವಾ ಕಣ್ಣೀರು, ಆ ಕ್ಷಣದಲ್ಲಿ ಏನೋ ಬೆಳಗುತ್ತದೆ. ಹತ್ತು ಪ್ರಸಂಗ ಓದುವಷ್ಟರಲ್ಲಿ ಬೆಳಕು ಯಾವ ಸಾಲಿಗೆ ಬೀಳುತ್ತದೆಂದು ಓದುಗನಿಗೆ ಮೊದಲೇ ಗೊತ್ತಾಗತೊಡಗುತ್ತದೆ. ಆ ಬೆಳಕಿನ ಮರುದಿನ, ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದು ಬಸ್ಸು ಹಿಡಿದು ಬೇಕರಿಗೆ ಹೋಗುವ, ಅಲ್ಲಿ ಹಳೆಯ ವೈರಿ ಕೆಣಕಿದಾಗ ಹಲ್ಲು ಕಚ್ಚಿ ಸುಮ್ಮನಿರುವ ಹುಡುಗ ನಮಗೆ ಪೂರ್ತಿಯಾಗಿ ಸಿಗುವುದಿಲ್ಲ. ಹೋಮ್‌ಬಾಯ್‌ನ ಹದಿನೆಂಟು ತಿಂಗಳ ಕೆಲಸದಲ್ಲಿ ಹೆಚ್ಚಿನ ಪಾಲು ಮಾಡುವವರು ಆಪ್ತಸಮಾಲೋಚಕರು, ಹಿಂದೆ ತಾವೇ ಗ್ಯಾಂಗಿನಲ್ಲಿದ್ದ ಹಿರಿಯರು. ಪುಸ್ತಕದಲ್ಲಿ ಅವರು ಹಿನ್ನೆಲೆಯಲ್ಲಿ ಉಳಿಯುತ್ತಾರೆ. ಎಲ್ಲರೂ ಮಾತಾಡುವುದು ಪಾದ್ರಿಯೊಂದಿಗೆ. 'ನಿಧಾನದ ಕೆಲಸ' ಎಂದು ಅಧ್ಯಾಯಕ್ಕೆ ಹೆಸರಿಟ್ಟವರಿಗೆ ನಿಧಾನವನ್ನು ಬರೆಯುವ ರೂಪ ಸಿಕ್ಕಿಲ್ಲ. ಪ್ರವಚನದ ಕಥೆಗೆ ಎರಡು ನಿಮಿಷದಲ್ಲಿ ಮುಗಿಯಬೇಕಾದ ಒತ್ತಾಯವಿರುತ್ತದೆ.

ಇನ್ನು ಎರಡನೆಯ ಬರಹ. ಕ್ರಿಸ್ಟಫರ್ ಬ್ಲಾಟ್‌ಮನ್, ಜೂಲಿಯನ್ ಜೇಮಿಸನ್ ಮತ್ತು ಮಾರ್ಗರೆಟ್ ಶೆರಿಡನ್ 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಲೈಬೀರಿಯಾ 1989ರಿಂದ 2003ರವರೆಗೆ ನಡುವೆ ಸ್ವಲ್ಪ ಬಿಡುವಿನೊಂದಿಗೆ ಎರಡು ಅಂತರ್ಯುದ್ಧಗಳನ್ನು ಕಂಡ ದೇಶ. ಯುದ್ಧ ನಿಂತ ಮೇಲೆ ಮನ್ರೋವಿಯಾದ ಬೀದಿಗಳಲ್ಲಿ ಕಳ್ಳತನ, ಸುಲಿಗೆ, ಮಾದಕವಸ್ತು ಮಾರಾಟದಿಂದ ಬದುಕುತ್ತಿದ್ದ 999 ಗಂಡಸರನ್ನು ಈ ಪ್ರಯೋಗಕ್ಕೆ ಆರಿಸಿದರು. ವಯಸ್ಸು ಹದಿನೆಂಟರಿಂದ ಮೂವತ್ತೈದು. ಲಾಟರಿಯ ಮೂಲಕ ನಾಲ್ಕು ಗುಂಪು. ಒಂದಕ್ಕೆ ಎಂಟು ವಾರಗಳ ಚಿಕಿತ್ಸೆ, ಒಂದಕ್ಕೆ ಯಾವ ಷರತ್ತೂ ಇಲ್ಲದ 200 ಡಾಲರ್ ನಗದು, ಒಂದಕ್ಕೆ ಮೊದಲು ಚಿಕಿತ್ಸೆ ಆಮೇಲೆ ನಗದು, ಕೊನೆಯದಕ್ಕೆ ಏನೂ ಇಲ್ಲ.

ಈ ಚಿಕಿತ್ಸೆಯನ್ನು ರೂಪಿಸಿದ್ದು ಸ್ಥಳೀಯ ಸಂಸ್ಥೆ. ಅದರ ಸ್ಥಾಪಕರಲ್ಲಿ ಒಬ್ಬರು ಜಾನ್ಸನ್ ಬೋರ್. ನಡೆಸಿಕೊಟ್ಟವರಲ್ಲಿ ಹಿಂದೆ ಅದೇ ಬೀದಿಯಲ್ಲಿದ್ದವರೇ ಇದ್ದರು. ಸುಮಾರು ಇಪ್ಪತ್ತು ಜನರ ಗುಂಪು ವಾರಕ್ಕೆ ಮೂರು ದಿನ ಸೇರುತ್ತಿತ್ತು. ಉಳಿದ ದಿನಗಳಲ್ಲಿ ಮಾರ್ಗದರ್ಶಕರು ಅವರಿದ್ದಲ್ಲಿಗೇ ಹೋಗಿ ಮಾತಾಡಿಸುತ್ತಿದ್ದರು. ಕಲಿಸಿದ್ದು ಕೇಳಲು ತೀರ ಸಾದಾ. ಸಿಟ್ಟು ಬಂದಾಗ ಕೈ ಎತ್ತುವ ಮುಂಚೆ ಏನು ಮಾಡಬೇಕು? ನಾಳೆಗೆ ದುಡ್ಡು ಹೇಗೆ ಉಳಿಸಬೇಕು? ತಲೆ ಕತ್ತರಿಸಿಕೊಳ್ಳುವುದು, ಶುಭ್ರವಾದ ಬಟ್ಟೆ, ಬೂಟು ಹಾಕಿಕೊಳ್ಳುವುದು. ಆಮೇಲೆ ಬ್ಯಾಂಕಿಗೆ, ಸೂಪರ್‌ಮಾರ್ಕೆಟ್ಟಿಗೆ, ಮೊಬೈಲ್ ಅಂಗಡಿಗೆ ಸುಮ್ಮನೆ ಹೋಗಿ ಬರುವುದು. ನಾನೂ ಒಬ್ಬ ಮಾಮೂಲಿ ಗಿರಾಕಿ ಎಂದು ನಿಲ್ಲುವುದು. ಹೋಗಿ ಬಂದು ಏನಾಯಿತೆಂದು ಗುಂಪಿನಲ್ಲಿ ಹೇಳುವುದು. ಮಾರನೆಯ ವಾರ ಮತ್ತೆ ಅದೇ. ಇದರ ಹಿಂದಿರುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಯೋಚನೆ ಬದಲಾದರೆ ನಡತೆ ಬದಲಾಗುತ್ತದೆ ಎನ್ನುವುದು ಎಷ್ಟು ನಿಜವೋ, ನಡತೆಯನ್ನು ಅಭ್ಯಾಸ ಮಾಡುತ್ತ ಹೋದರೆ ಯೋಚನೆಯೂ ಬದಲಾಗುತ್ತದೆ ಎನ್ನುವುದು ಅಷ್ಟೇ ನಿಜ ಎಂದು ಹೇಳುವ ಚಿಕಿತ್ಸೆ.

ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಅದನ್ನು ಪಡೆದವರ ಕಳ್ಳತನ, ಹೊಡೆದಾಟ ಇಳಿದಿದ್ದವು. ಒಂದು ವರ್ಷದ ಹೊತ್ತಿಗೆ ಬರೀ ಚಿಕಿತ್ಸೆ ಪಡೆದವರಲ್ಲಿ ಆ ಪರಿಣಾಮ ಬಹಳಷ್ಟು ಮಾಸಿತ್ತು. ಬರೀ ದುಡ್ಡು ಪಡೆದವರಲ್ಲೂ ಅಪರಾಧ ಮೊದಮೊದಲು ಇಳಿದರೂ ಆ ಪರಿಣಾಮ ಉಳಿಯಲಿಲ್ಲ. ದುಡ್ಡಿನಿಂದ ಶುರುವಾದ ಸಣ್ಣ ವ್ಯಾಪಾರಗಳೂ ವರ್ಷದೊಳಗೆ ಕರಗಿದವು. ಎರಡನ್ನೂ ಪಡೆದವರಲ್ಲಿ ಬದಲಾವಣೆ ನಿಂತಿತು. ಹತ್ತು ವರ್ಷದ ನಂತರ ಸಂಶೋಧಕರು ಮತ್ತೆ ಹುಡುಕಿಕೊಂಡು ಹೋಗಿ 833 ಜನರನ್ನು ಪತ್ತೆಹಚ್ಚಿದರು. ಎರಡನ್ನೂ ಪಡೆದ ಗುಂಪಿನಲ್ಲಿ, ಏನೂ ಪಡೆಯದ ಗುಂಪಿಗೆ ಹೋಲಿಸಿದರೆ, ಇಂಥ ಕೃತ್ಯಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ತಲೆಗೆ ತಗಲಿದ ಒಟ್ಟು ಖರ್ಚು ಸುಮಾರು 530 ಡಾಲರ್.

ಕರಗಿಹೋದ ದುಡ್ಡು ಹತ್ತು ವರ್ಷ ಬಾಳುವ ಬದಲಾವಣೆಗೆ ಹೇಗೆ ಕಾರಣವಾಯಿತು? ಸಂಶೋಧಕರ ಊಹೆ ಇದು. ಆ ದುಡ್ಡಿನಿಂದ ಅವರಿಗೆ ಕೆಲವು ತಿಂಗಳ ಅವಕಾಶ ಸಿಕ್ಕಿತು. ಎಂಟು ವಾರ ಗುಂಪಿನಲ್ಲಿ ಅಭ್ಯಾಸ ಮಾಡಿದ ಹೊಸ ಮನುಷ್ಯನನ್ನು ಇನ್ನಷ್ಟು ಕಾಲ ಬೀದಿಯಲ್ಲಿ ತಾವೇ ಅಭ್ಯಾಸ ಮಾಡಲು, ಕತ್ತರಿಸಿದ ಕೂದಲು ಮತ್ತೆ ಬೆಳೆಯದಂತೆ ನೋಡಿಕೊಳ್ಳಲು, ಹೊಟ್ಟೆಗಾಗಿ ಅದೇ ರಾತ್ರಿ ಕದಿಯದಿರಲು. ಪ್ರಬಂಧದ ಶುಷ್ಕ ಗದ್ಯದ ನಡುವೆ ಈ ಊಹೆಯನ್ನು ಓದಿದಾಗ, ಬಾಯ್ಲ್ ಅವರ ಪುಸ್ತಕದಲ್ಲಿ ನನಗೆ ಸಿಗದ ಸೋಮವಾರ ಬೆಳಿಗ್ಗೆ ಇಲ್ಲಿದೆ ಎನಿಸಿತು.

ಇನ್ನೊಂದು ವಿವರ ಕಥೆಗಾರರಿಗೂ ಇಷ್ಟವಾದೀತು. ನಾನು ಕದಿಯುವುದು ಬಿಟ್ಟೆ ಎಂದು ಕಳ್ಳ ಹೇಳಿದರೆ ನಂಬುವುದು ಹೇಗೆ? ಆರಿಸಿದ ಕೆಲವರೊಂದಿಗೆ ಸ್ಥಳೀಯ ಸಂಶೋಧಕರು ದಿನಗಟ್ಟಲೆ ಜೊತೆಗಿದ್ದು, ವಿಶ್ವಾಸ ಗಳಿಸಿ, ಅವರು ಹೇಳಿದ್ದಕ್ಕೂ ಬದುಕುತ್ತಿರುವುದಕ್ಕೂ ತಾಳೆ ನೋಡಿದರು. ನಿರೂಪಕನನ್ನು ಪೂರ್ತಿ ನಂಬದೆ, ಆದರೆ ಅವಮಾನಿಸದೆ ಕೇಳಿಸಿಕೊಳ್ಳುವ ಈ ಎಚ್ಚರ ನಮ್ಮ ಎಷ್ಟೋ ಆತ್ಮಕಥನಗಳ ಸಂಪಾದಕರಿಗೆ ಇರುವುದಿಲ್ಲ.

ಪ್ರಬಂಧದ ಕೊರತೆಗಳೂ ಸಣ್ಣವಲ್ಲ. ಅಲ್ಲಿ ಮುಖಗಳಿಲ್ಲ. ಕಳ್ಳತನ, ಜಗಳ, ಆಯುಧ, ಬಂಧನ ಎಲ್ಲ ಸೇರಿ ಒಂದೇ ಸೂಚ್ಯಂಕವಾಗುತ್ತವೆ. ಕದಿಯುವುದನ್ನು ಬಿಟ್ಟು ಕುಡಿದು ಜಗಳಾಡುವವನು ದಶಮಾಂಶ ಬಿಂದುವಿನ ಆಚೆಗೆ ಹೋಗಿ ನಿಲ್ಲುತ್ತಾನೆ. ಅದಕ್ಕಿಂತ ದೊಡ್ಡ ಕೊರತೆ ಬ್ಯಾಂಕಿನ ಬಾಗಿಲಲ್ಲಿದೆ. ಬೂಟು ಹಾಕಿಕೊಂಡು ಹೋದವನ ನಡತೆಯನ್ನು ವರ್ಷಗಟ್ಟಲೆ ಅಳೆದರು. ಬಾಗಿಲು ಕಾಯುವವನ, ಕೌಂಟರಿನ ಹಿಂದಿರುವವನ ನಡತೆಯನ್ನು ಯಾರೂ ಅಳೆಯಲಿಲ್ಲ. ಚಿಕಿತ್ಸೆ ನಡೆಯುವುದು ಸಮುದಾಯದಲ್ಲಿ ಎನ್ನುತ್ತೇವೆ. ಸಮುದಾಯ ಎಂದರೆ ರೋಗಿ ಅಭ್ಯಾಸ ಮಾಡುವ ಅಂಗಳ ಮಾತ್ರವೇ? ಪಾದ್ರಿಯ ಪುಸ್ತಕ ಇಲ್ಲಿ ಮುಂದಿದೆ. ಬಂಧುತ್ವದ ಕೊನೆಯ ಅಧ್ಯಾಯದಲ್ಲಿ ಬದಲಾಗಬೇಕಾದವರ ಪಟ್ಟಿಗೆ ಬಾಯ್ಲ್ ನಮ್ಮನ್ನೂ ಸೇರಿಸುತ್ತಾರೆ.

ಈಗ ನಮ್ಮ ಕಥೆಗಳಿಗೆ ಬರುತ್ತೇನೆ. ಬಾಯ್ಲ್ ಅವರನ್ನು ದೂರಿದ ಮೇಲೆ ನಮ್ಮ ಮನೆಯ ಬುತ್ತಿಯನ್ನೂ ಬಿಚ್ಚಿ ನೋಡಬೇಕಲ್ಲ. ದಾರಿಗಳ್ಳ ವಾಲ್ಮೀಕಿಯಾದದ್ದು ನಮಗೆ ಗೊತ್ತು. ನಾರದ ಕೇಳಿದ ಪ್ರಶ್ನೆ, ಪಾಪದಲ್ಲಿ ಪಾಲು ಬೇಡವೆಂದ ಹೆಂಡತಿ ಮಕ್ಕಳು, ಇವು ನೆನಪಿರುತ್ತವೆ. ಮೈಮೇಲೆ ಹುತ್ತ ಬೆಳೆದ ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟುತ್ತೇವೆ. ಅಂಗುಲಿಮಾಲನ ಕಥೆಯಲ್ಲಿ ಬುದ್ಧ ಎದುರಾದ ಗಳಿಗೆಯನ್ನು ಶಾಲೆಯ ನಾಟಕಗಳಲ್ಲೂ ಆಡುತ್ತೇವೆ. ಪಾಲಿ ಮೂಲದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಭಿಕ್ಷುವಾದ ಮೇಲೆ ಭಿಕ್ಷೆಗೆ ಹೋದ ಅಂಗುಲಿಮಾಲನ ಮೇಲೆ ಕಲ್ಲು ಬೀಳುತ್ತವೆ. ಒಡೆದ ತಲೆ, ಮುರಿದ ಪಾತ್ರೆ, ಹರಿದ ಚೀವರದೊಂದಿಗೆ ಅವನು ಬುದ್ಧನ ಬಳಿಗೆ ಮರಳುತ್ತಾನೆ. ಸಹಿಸಿಕೋ ಎನ್ನುತ್ತಾನೆ ಬುದ್ಧ. ಆ ಕಲ್ಲುಗಳನ್ನು ನಾವು ನಾಟಕದಿಂದ ತೆಗೆದುಹಾಕಿದ್ದೇವೆ. ಎಸೆದವರು ಯಾರೆಂದು ಹೇಳಬೇಕಾಗುತ್ತದಲ್ಲ.

ಶರಣರ ಕಥೆಗಳಲ್ಲಿ ಉರಿಲಿಂಗಪೆದ್ದಿಯದು ನನಗೆ ಈಗ ಬೇರೆಯಾಗಿ ಕಾಣುತ್ತದೆ. ಪರಂಪರೆ ಹೇಳುವಂತೆ ಅವನು ಕಳ್ಳ. ಕದಿಯಲು ಬಂದವನು ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಕದ್ದು ನೋಡಿ ಮನಸ್ಸು ಬದಲಿಸಿದ. ಇಷ್ಟೇ ಆಗಿದ್ದರೆ ಅದೂ ಬೆಳಕಿನ ಕ್ಷಣದ ಇನ್ನೊಂದು ಕಥೆ. ಆದರೆ ಅವನಿಗೆ ಕೂಡಲೇ ದೀಕ್ಷೆ ಸಿಗಲಿಲ್ಲ. ದಿನವೂ ಮಠಕ್ಕೆ ಒಂದು ಹೊರೆ ಕಟ್ಟಿಗೆ ತಂದು ಹಾಕುತ್ತಿದ್ದ. ಹಾಗೆ ಹೊತ್ತು ಹೊತ್ತು ಕೊನೆಗೆ ಶಿಷ್ಯನಾದ, ಮುಂದೆ ಆ ಮಠದ ಗುರುವೇ ಆದ. ಈ ಕಟ್ಟಿಗೆ ಹೊರೆಯಲ್ಲಿ ಮನ್ರೋವಿಯಾದ ಪ್ರಬಂಧ ಹೇಳುವುದೆಲ್ಲ ಇದೆ. ದಿನದಿನದ ಅಭ್ಯಾಸವೂ ಇದೆ, ಪ್ರಬಂಧ ಹೇಳದೆ ಬಿಟ್ಟ ಇನ್ನೊಂದು ಅರ್ಧವೂ ಇದೆ. ಮಠ ಆ ಹೊರೆಯನ್ನು ದಿನವೂ ಒಳಗೆ ತೆಗೆದುಕೊಂಡಿತು. ಕಳ್ಳ ತಂದ ಕಟ್ಟಿಗೆ ಎಂದು ಹೊರಗೆ ಎಸೆಯಲಿಲ್ಲ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪದವೂ ಇದೆ, ತಾಲೀಮು. ನಾಟಕದವರಿಗೆ ಅದು ರಿಹರ್ಸಲ್. ನಮ್ಮ ಉತ್ತರ ಕರ್ನಾಟಕದಲ್ಲಿ, ಇಲ್ಲಿ ಮಹಾರಾಷ್ಟ್ರದಲ್ಲಿ ಗರಡಿಮನೆಗೂ ಅದೇ ಹೆಸರು. ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿದಾಗ ಪತ್ರಿಕೆಗಳು 'ಮನಪರಿವರ್ತನೆ' ಎಂದು ಬರೆದವು. ನಾವೂ ಪ್ರದರ್ಶನದ ದಿನ ಚಪ್ಪಾಳೆ ತಟ್ಟಿ ಬಂದೆವು. ಮಾತು ಮರೆತು, ಮತ್ತೆ ಕಲಿತು, ಎದುರಿನ ಪಾತ್ರ ಮಾತು ಮುಗಿಸುವವರೆಗೆ ಕಾಯುವುದನ್ನು ರೂಢಿಸಿಕೊಂಡ ದಿನಗಳ ಬಗ್ಗೆ ನಮ್ಮಲ್ಲಿ ಬರಹ ಕಡಿಮೆ. ಎದುರಿನವನ ಮಾತು ಮುಗಿಯುವವರೆಗೆ ಕಾಯುವುದು ರಂಗದ ಮೇಲೆ ಶಿಸ್ತು, ಬೀದಿಯಲ್ಲಿ ಅದೇ ಒಂದು ಕೊಲೆಯನ್ನು ತಪ್ಪಿಸಬಹುದು. 'ಮನಪರಿವರ್ತನೆ' ಎಂಬ ಪದದ ಮೇಲೆ ನನಗೆ ಈಗ ಅನುಮಾನ. ಅದು ಎಲ್ಲವನ್ನೂ ಅವನ ಮನಸ್ಸಿನೊಳಗೆ, ಒಂದು ಗಳಿಗೆಯೊಳಗೆ ಮುಗಿಸಿಬಿಡುತ್ತದೆ. ಆಮೇಲೆ ಅವನು ಎಡವಿದರೆ, ಇವನ ಮನಸ್ಸು ಬದಲಾಗಲೇ ಇಲ್ಲ ನೋಡಿ ಎನ್ನಲು ನಮಗೆ ಸಲೀಸು. ತಾಲೀಮಿನಲ್ಲಿ ಎಡವುವುದು ತಾಲೀಮಿನ ಭಾಗ.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ಕಥೆಗಳಿಗಿಂತ ಮುಂದಿದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಗಳನ್ನು ಬಿಟ್ಟರೆ, ಇಪ್ಪತ್ತೊಂದು ತುಂಬದವರನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಲಯ ಅದೇಕೆ ಅನಿವಾರ್ಯ ಎಂದು ಕಾರಣ ಬರೆಯಬೇಕು. ಅದರ ಹನ್ನೆರಡನೆಯ ಕಲಮು, ಹೀಗೆ ಬಿಡುಗಡೆಯಾದವನಿಗೆ ಆ ಶಿಕ್ಷೆಯ ಕಾರಣದಿಂದ ಕಾನೂನಿನ ಅನರ್ಹತೆ ಅಂಟಬಾರದು ಎನ್ನುತ್ತದೆ. ಖಾಸಗಿ ಕಂಪನಿಯ ಕೆಂಪು ಬಣ್ಣವನ್ನು ಅದು ಅಳಿಸಲಾರದು. ಅಂದರೆ ನ್ಯಾಯಾಧೀಶರು ಇವನನ್ನು ಸಮುದಾಯದ ಕೈಗೆ ಒಪ್ಪಿಸಿದರು. ಆರು ವರ್ಷದ ನಂತರ ಅವನು ಆ ಸಮುದಾಯದ ಬಾಗಿಲು ತಟ್ಟಿದಾಗ ಒಳಗೆ ಕುಳಿತಿದ್ದವನು ನಾನು.

ಹೊಡೆತ ತಿಂದವನೂ ಒಬ್ಬನಿದ್ದಾನೆ ಎನ್ನುವುದನ್ನು ಮರೆತಿಲ್ಲ. ಅವನ ಗಾಯಕ್ಕೆ ನಾನು ಲೆಕ್ಕ ಮುಗಿಸುವ ಅಧಿಕಾರಿಯಲ್ಲ. ಆ ಲೆಕ್ಕವನ್ನು ನ್ಯಾಯಾಲಯ ಮಾಡಿತ್ತು. ನಾನು ಅದರ ಮೇಲೆ ಕೊನೆಯಿಲ್ಲದ ಬಡ್ಡಿ ಹಾಕಿದೆ.

ಈ ಎರಡು ಬರಹ ಓದಿ ನನ್ನ ಮನಪರಿವರ್ತನೆಯಾಯಿತು ಎಂದು ಮುಗಿಸಿದರೆ ಇಷ್ಟು ಹೊತ್ತು ಬರೆದದ್ದಕ್ಕೆ ಅರ್ಥವಿರುವುದಿಲ್ಲ. ಆ ಹುಡುಗನಿಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಫೋನ್ ನಂಬರ್ ಇದೆ, ಮಾಡುವ ಧೈರ್ಯ ಇನ್ನೂ ಬಂದಿಲ್ಲ. ಕೆಂಪು ವರದಿ ಬಂದವರಿಂದ ಒಂದು ಪುಟದ ವಿವರಣೆ ತೆಗೆದುಕೊಂಡು, ಎಷ್ಟು ವರ್ಷ ಕಳೆದಿದೆ ಎಂದು ನೋಡಿ ಆಮೇಲೆ ನಿರ್ಧರಿಸೋಣ ಎಂದು ಎಚ್‌ಆರ್ ವಿಭಾಗಕ್ಕೆ ಬರೆದೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮೂರು ತಿಂಗಳು ಬಿಟ್ಟು ಮತ್ತೆ ಬರೆದೆ. ಅದೇ ಉತ್ತರ. ಮುಂದಿನ ಮೇಲ್ ಜನವರಿಯಲ್ಲಿ ಹೋಗಬೇಕು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.